ರೀಡ್‌ಪೇಜಸ್‌ನಿಂದ ರೀಡ್‌ಅಹೆಡ್‌ಗೆ: ನೆಟ್‌ವರ್ಕ್ ಫೈಲ್‌ಸಿಸ್ಟಂ ಕೋಡ್ ಹೊಸದು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಆಫೀಸಿನಲ್ಲಿ ಒಂದು ಸಣ್ಣ ನೆಟ್‌ವರ್ಕ್ ಫೈಲ್‌ಸಿಸ್ಟಂ ಇದೆ, ಅಂದರೆ ಸರ್ವರ್‌ನಲ್ಲಿರುವ ಫೈಲುಗಳನ್ನು ನಮ್ಮ ಯಂತ್ರದಲ್ಲೇ ಇದ್ದ ಹಾಗೆ ತೋರಿಸುವ ಕೋಡ್. ಲಿನಕ್ಸ್ ಮೇನ್‌ಲೈನ್‌ನಲ್ಲಿ (ಅಧಿಕೃತ ಕರ್ನಲ್ ಕೋಡಿನಲ್ಲಿ) ಇಲ್ಲದ, ನಾವೇ ಸಾಕಿಕೊಂಡಿರುವ ಮಾಡ್ಯೂಲ್. ಅದನ್ನು ಹಳೇ ಕರ್ನಲ್‌ನಿಂದ ಹೊಸದಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ಫೈಲ್ ಓದುವ ಭಾಗದಲ್ಲಿ ಹಳೇ ರೀಡ್‌ಪೇಜಸ್ ಫಂಕ್ಷನ್ ಹೋಗಿ ರೀಡ್‌ಅಹೆಡ್ ಬಂದಿದೆ. ಅಲ್ಲಿ ನಾನು ಎಡವಿದಲ್ಲೇ ಆಮೇಲೆ ಬಂದವರೂ ಎಡವಿದರು, ಬಂದು ಅದೇ ಪ್ರಶ್ನೆ ಕೇಳಿದರು. ಪ್ರತಿಯೊಬ್ಬರಿಗೂ ಬೋರ್ಡ್ ಮುಂದೆ ನಿಂತು ಹೇಳುವ ಬದಲು ಇಲ್ಲಿ ಬರೆದಿದ್ದೇನೆ. ಫಂಕ್ಷನ್ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ನಡುವೆ ಅಡ್ಡಗೆರೆ ಇದ್ದರೆ ಕೋಡಿನಲ್ಲಿ ಅಂಡರ್‌ಸ್ಕೋರ್ ಅಂತ ಓದಿಕೊಳ್ಳಿ.

ಮೊದಲು ಇದು ಹೇಳಿ: ರೀಡ್‌ಅಹೆಡ್ ಅಂದರೆ ಏನು?

ಮದುವೆ ಮನೆಯ ಪಂಕ್ತಿಯಲ್ಲಿ ಒಳ್ಳೇ ಬಡಿಸುವವರು ನಿಮ್ಮ ಎಲೆ ನೋಡುತ್ತಾ ಬರುತ್ತಾರೆ. ಅನ್ನ ಮುಗಿಯುವ ಮುಂಚೆಯೇ ಇನ್ನೊಂದು ಸೌಟು ಬೀಳುತ್ತದೆ. ನೀವು ಕೈ ಎತ್ತಿ ಕರೆಯಬೇಕಾಗಿಲ್ಲ. ಕರ್ನಲ್ ಮಾಡುವುದೂ ಇದನ್ನೇ. ನೀವು ಫೈಲನ್ನು ಸಾಲಾಗಿ ಓದುತ್ತಿದ್ದೀರಿ ಅಂತ ಗೊತ್ತಾದ ತಕ್ಷಣ, ಕೇಳದೇ ಇರುವ ಮುಂದಿನ ಭಾಗವನ್ನೂ ತಂದು ಪೇಜ್ ಕ್ಯಾಶ್‌ನಲ್ಲಿ (ಫೈಲಿನ ಭಾಗಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದಲ್ಲಿ) ಇಡುತ್ತದೆ.

ಎಷ್ಟು ತರುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಒಂದು ಸಲಕ್ಕೆ 4 ಕೆಬಿಯಂತೆ ಡಿಡಿ ಕಮಾಂಡ್‌ನಲ್ಲಿ ಒಂದು ದೊಡ್ಡ ಫೈಲ್ ಓದಿ ಅಂದುಕೊಳ್ಳಿ. ಒಂದು ಸಲಕ್ಕೆ ಮುಂಚಿತವಾಗಿ ತರುವ ಭಾಗಕ್ಕೆ ವಿಂಡೋ ಅನ್ನುತ್ತಾರೆ. ಅದರ ಮಿತಿ ಡೀಫಾಲ್ಟ್ ಆದ 128 ಕೆಬಿ, ಅಂದರೆ 4 ಕೆಬಿಯ 32 ಪೇಜ್. ನೀವು 0ನೇ ಪೇಜ್ ಕೇಳುತ್ತೀರಿ. ಕರ್ನಲ್ 0ರಿಂದ 3ರವರೆಗೆ ನಾಲ್ಕು ಪೇಜ್ ತರಿಸಿ, 1ನೇ ಪೇಜಿನ ಮೇಲೆ ಒಂದು ಗುರುತು ಹಾಕುತ್ತದೆ. ನೀವು ಆ 1ನೇ ಪೇಜ್ ಮುಟ್ಟಿದ ಕೂಡಲೇ 4ರಿಂದ 11ರವರೆಗೆ ತರಿಸಲು ಹೊರಡುತ್ತದೆ, ಈ ಸಲ ಗುರುತು 4ರ ಮೇಲೆ. 4 ಮುಟ್ಟಿದಾಗ 12ರಿಂದ 27. 12 ಮುಟ್ಟಿದಾಗ 28ರಿಂದ 59. ಅಲ್ಲಿಗೆ 32 ಪೇಜಿನ ಮಿತಿ ಮುಟ್ಟಿತು, ಆಮೇಲೆ ಪ್ರತಿ ಸಲವೂ 32. ಈ ಗುರುತಿನ ವಿಧಾನ 2007ರಲ್ಲಿ 2.6.23 ಕರ್ನಲ್‌ನಲ್ಲಿ ಬಂದದ್ದು. ಫೆಂಗ್‌ಗುವಾಂಗ್ ವು ಬರೆದದ್ದು. ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ ಇವತ್ತಿಗೂ ಅದರ ಎಲುಬುಗೂಡು ಅದೇ.

ಗಮನಿಸಿ, ಎಷ್ಟು ತರಬೇಕು ಅಂತ ತೀರ್ಮಾನಿಸುವುದು ಫೈಲ್‌ಸಿಸ್ಟಂ ಅಲ್ಲ. ಮೆಮೊರಿ ನೋಡಿಕೊಳ್ಳುವ ಕರ್ನಲ್ ಭಾಗ ಅದನ್ನು ತೀರ್ಮಾನಿಸುತ್ತದೆ. ಫೈಲ್‌ಸಿಸ್ಟಂ ಕೆಲಸ ತಂದುಕೊಡುವುದು ಮಾತ್ರ. ಈ ಇಡೀ ಬದಲಾವಣೆ ನಡೆದಿರುವುದು ಆ ಎರಡರ ನಡುವಿನ ಗಡಿಯಲ್ಲಿ.

ಲೋಕಲ್ ಡಿಸ್ಕ್‌ಗೂ ಇದೇ ಇದೆಯಲ್ಲ. ನೆಟ್‌ವರ್ಕ್‌ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ದೂರ ಇರುವುದರಿಂದ. ಮೇಲಿನ ಲೆಕ್ಕವನ್ನೇ ನೋಡಿ. ಗುರುತು ಇರುವುದು ವಿಂಡೋದ ಮೊದಲ ಪೇಜಿನ ಮೇಲೆ. ಹಿಂದಿನ ವಿಂಡೋ ಬಂದು ತಲುಪದೆ ಆ ಪೇಜನ್ನು ಮುಟ್ಟುವ ಹಾಗಿಲ್ಲ. ಅದನ್ನು ಮುಟ್ಟದೆ ಮುಂದಿನ ವಿಂಡೋಗೆ ಆರ್ಡರ್ ಹೋಗುವುದಿಲ್ಲ. ನಿಮ್ಮ ಪ್ರೋಗ್ರಾಂ ಚುರುಕಾಗಿದ್ದರೆ, ಹೆಚ್ಚುಕಮ್ಮಿ ಒಂದು ಸುತ್ತಿಗೆ ಎರಡು ವಿಂಡೋ ಅಷ್ಟೇ.

ಸರ್ವರ್‌ಗೆ ಹೋಗಿ ಬರಲು 20 ಮಿಲಿಸೆಕೆಂಡ್ ಬೇಕು ಅನ್ನಿ. ಸೆಕೆಂಡಿಗೆ 50 ಸುತ್ತು. ಸುತ್ತಿಗೆ 128 ಕೆಬಿಯ ಎರಡು ವಿಂಡೋ ಅಂದರೆ ಸೆಕೆಂಡಿಗೆ 12,800 ಕೆಬಿ, ಸುಮಾರು 12 ಎಂಬಿ. ಗಿಗಾಬಿಟ್ ಕೇಬಲ್ ಹಾಕಿಸಿ, 100 ಎಂಬಿ ಹೋಗುವ ದಾರಿಯಲ್ಲಿ 12 ಎಂಬಿ ಓಡಿಸಿದ ಹಾಗೆ. ಬೆಂಗಳೂರಿನಿಂದ ಅಮೆರಿಕದ ಸರ್ವರ್ ಮೌಂಟ್ ಮಾಡಿದ್ದರೆ ಒಂದು ಸುತ್ತಿಗೆ 200 ಮಿಲಿಸೆಕೆಂಡ್ ಆದರೂ ಹಿಡಿಯುತ್ತದೆ. ಆಗ ಸೆಕೆಂಡಿಗೆ 1,280 ಕೆಬಿ. ವಿಂಡೋವನ್ನು 4 ಎಂಬಿ ಮಾಡಿ ನೋಡಿ: 20 ಮಿಲಿಸೆಕೆಂಡ್ ಲೈನಿನಲ್ಲಿ ಲೆಕ್ಕ 400 ಎಂಬಿಗೆ ಹೋಗುತ್ತದೆ. ಆಗ ತಡೆಯುವುದು ಕೇಬಲ್, ಕೋಡ್ ಅಲ್ಲ.

ಹಳೆಯ ರೀಡ್‌ಪೇಜಸ್‌ನಲ್ಲಿ ಏನು ತಪ್ಪಿತ್ತು? ಕೆಲಸ ಮಾಡ್ತಿತ್ತಲ್ಲ?

ಮಾಡ್ತಿತ್ತು. ಆದರೆ ಪ್ರತಿ ಫೈಲ್‌ಸಿಸ್ಟಂ ತನ್ನದಲ್ಲದ ಕೆಲಸವನ್ನೂ ಮಾಡಬೇಕಿತ್ತು.

ಹಳೇ ಪದ್ಧತಿ ಹೀಗೆ. ಕರ್ನಲ್ ಖಾಲಿ ಪೇಜ್‌ಗಳನ್ನು ಪಡೆದು, ಒಂದು ಲಿಂಕ್ಡ್ ಲಿಸ್ಟ್‌ನಲ್ಲಿ ಪೋಣಿಸಿ, ನಿಮ್ಮ ಕೈಗೆ ಕೊಡುತ್ತಿತ್ತು. ಅವು ಇನ್ನೂ ಪೇಜ್ ಕ್ಯಾಶ್‌ಗೆ ಸೇರಿಲ್ಲ. ಸೇರಿಸುವುದು ನಿಮ್ಮ ಪಾಲು. ಲಿಸ್ಟ್ ಬೇರೆ ಹಿಂದುಮುಂದು, ಮೊದಲ ಪೇಜ್ ಬಾಲದಲ್ಲಿ ಇರುತ್ತಿತ್ತು. ಬಾಲದಿಂದ ಒಂದೊಂದೇ ಬಿಡಿಸಿ ಕ್ಯಾಶ್‌ಗೆ ಸೇರಿಸಲು ಹೋದರೆ, ಅಷ್ಟರಲ್ಲಿ ಇನ್ಯಾರೋ ಅದೇ ಜಾಗಕ್ಕೆ ಬೇರೆ ಪೇಜ್ ಸೇರಿಸಿರಬಹುದು. ಆಗ ನಿಮ್ಮದನ್ನು ಬಿಸಾಡಬೇಕು. ಬಿಸಾಡಿದರೆ ಸಾಲು ತುಂಡಾಗುತ್ತದೆ. ತುಂಡಾದರೆ ಸರ್ವರ್‌ಗೆ ಒಂದೇ ಕೋರಿಕೆಯಲ್ಲಿ ಕೇಳಲು ಆಗುವುದಿಲ್ಲ, ಎರಡು ಮಾಡಬೇಕು. ಹಾಗಾಗಿ ಈ ಪೇಜಿನ ನಂಬರ್ ಹಿಂದಿನದಕ್ಕಿಂತ ಒಂದು ಜಾಸ್ತಿಯೇ ಅಂತ ಪ್ರತಿ ಸಲ ನೋಡುವ ಲೂಪ್ ಬೇಕಿತ್ತು. ಸಿಐಎಫ್‌ಎಸ್‌ನ (ಎಸ್‌ಎಂಬಿ ಅನ್ನುವ ಫೈಲ್ ಹಂಚಿಕೆ ಪ್ರೋಟೋಕಾಲ್‌ಗೆ ಇರುವ ಲಿನಕ್ಸ್ ಕ್ಲೈಂಟ್‌ನ) ಹಳೇ ಕೋಡಿನಲ್ಲಿ ಇದಕ್ಕೆಂದೇ ಪ್ರತ್ಯೇಕ ಫಂಕ್ಷನ್ ಇತ್ತು. ನಮ್ಮ ಮಾಡ್ಯೂಲ್‌ನಲ್ಲಿ ಇದ್ದದ್ದು ಅದನ್ನೇ ನೋಡಿ ಯಾರೋ ಬರೆದ ನಕಲು ಅಂತ ನನ್ನ ಅನುಮಾನ.

ಇನ್ನೂ ಒಂದು ಸೂಕ್ಷ್ಮ. ಪೇಜ್ ಲಿಸ್ಟ್‌ನಲ್ಲಿ ಇದ್ದು ಕ್ಯಾಶ್‌ನಲ್ಲಿ ಇಲ್ಲದ ಆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಥ್ರೆಡ್ ಅದೇ ಭಾಗ ಕೇಳಿದರೆ, ಅದಕ್ಕೆ ಕ್ಯಾಶ್ ಖಾಲಿ ಕಾಣುತ್ತದೆ. ಅದೂ ಸರ್ವರ್‌ಗೆ ಹೊರಡುತ್ತದೆ. ಒಂದೇ ಡೇಟಾ ಎರಡು ಸಲ.

ಹೊಸದರಲ್ಲಿ ಏನು ಬದಲಾಯಿತು?

ಸಾಲು ಕಟ್ಟುವ ಕೆಲಸ ಕರ್ನಲ್ ತಾನೇ ವಹಿಸಿಕೊಂಡಿತು. ಈಗ ನಿಮ್ಮ ಫಂಕ್ಷನ್‌ಗೆ ಬರುವುದು ರೀಡ್‌ಅಹೆಡ್-ಕಂಟ್ರೋಲ್ ಅನ್ನುವ ಒಂದೇ ಸ್ಟ್ರಕ್ಚರ್. ಅದು ನಿಮ್ಮ ಕೈಗೆ ಬರುವಾಗ ಮೂರು ವಿಷಯ ಖಾತ್ರಿ: ಪೇಜ್‌ಗಳು ಆಗಲೇ ಪೇಜ್ ಕ್ಯಾಶ್‌ನಲ್ಲಿವೆ, ಲಾಕ್ ಆಗಿವೆ, ನಡುವೆ ಒಂದೂ ತಪ್ಪದೆ ಸಾಲಾಗಿವೆ. ಮಧ್ಯದಲ್ಲಿ ಆಗಲೇ ಕ್ಯಾಶ್ ಆಗಿದ್ದ ಪೇಜ್ ಸಿಕ್ಕರೆ ಕರ್ನಲ್ ಅಲ್ಲಿಗೆ ಒಂದು ಕಂತು ಮುಗಿಸಿ, ಉಳಿದದ್ದಕ್ಕೆ ನಿಮ್ಮನ್ನು ಮತ್ತೊಮ್ಮೆ ಕರೆಯುತ್ತದೆ. ಎಲ್ಲಿಂದ ಅನ್ನಲು ರೀಡ್‌ಅಹೆಡ್-ಪಾಸ್, ಎಷ್ಟು ಬೈಟ್ ಅನ್ನಲು ರೀಡ್‌ಅಹೆಡ್-ಲೆಂತ್. ನೆಟ್‌ವರ್ಕ್ ಕೋರಿಕೆ ಕಟ್ಟಲು ಇನ್ನೇನು ಬೇಕು?

ನಾನು ಮೊದಲ ದಿನ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಇದನ್ನು ಬರೀ ಹೆಸರು ಬದಲಾವಣೆ ಅಂದುಕೊಂಡೆ. ಹಳೇ ಲೂಪ್ ಇಟ್ಟುಕೊಂಡು, ಲಿಸ್ಟ್‌ನಿಂದ ಪೇಜ್ ತೆಗೆಯುವ ಕಡೆ ಹೊಸ ಫಂಕ್ಷನ್ ತುರುಕಿದೆ. ಕಂಪೈಲ್ ಆಯಿತು, ಓಡಿತೂ ಓಡಿತು. ಆದರೆ ಆಗಲೇ ಕ್ಯಾಶ್‌ನಲ್ಲಿರುವ ಪೇಜನ್ನು ಮತ್ತೆ ಕ್ಯಾಶ್‌ಗೆ ಸೇರಿಸಲು ಹೋಗುವ ಕೋಡ್ ಅಲ್ಲೇ ಇತ್ತು. ಸೇರಿಸಲು ಆಗದೆ ಪ್ರತಿ ಸಲ ಸೋಲುತ್ತಿತ್ತು, ಪ್ರತಿ ಪೇಜೂ ಒಂಟಿಯಾಗಿ ಸರ್ವರ್‌ನಿಂದ ಬರುತ್ತಿತ್ತು. ಬದಲಾಗಿರುವುದು ಪೇಜ್ ಯಾರ ಕೈಯಲ್ಲಿದೆ ಅನ್ನುವುದು. ಆ ದೃಷ್ಟಿಯಿಂದ ನೋಡಿದರೆ ಬರೆಯುವುದಕ್ಕಿಂತ ಅಳಿಸುವುದೇ ಜಾಸ್ತಿ. ನಿಮ್ಮ ಪ್ಯಾಚ್‌ನಲ್ಲಿ ಸೇರಿಸಿದ ಸಾಲು ಅಳಿಸಿದ ಸಾಲಿಗಿಂತ ಹೆಚ್ಚಿದ್ದರೆ, ಅನುಮಾನದಿಂದ ಇನ್ನೊಮ್ಮೆ ಓದಿ.

ಯಾವ ಕರ್ನಲ್‌ನಲ್ಲಿ ಏನು ಬಂತು?

ಹೊಸ ರೀಡ್‌ಅಹೆಡ್ ಫಂಕ್ಷನ್ ಬಂದದ್ದು 5.8ರಲ್ಲಿ, 2020. ಮ್ಯಾಥ್ಯೂ ವಿಲ್ಕಾಕ್ಸ್ ಅವರ ಕೆಲಸ. ಫ್ಯೂಸ್ (ಕರ್ನಲ್ ಹೊರಗಿನ ಪ್ರೋಗ್ರಾಂ ಆಗಿ ಫೈಲ್‌ಸಿಸ್ಟಂ ಬರೆಯಲು ಬಿಡುವ ವ್ಯವಸ್ಥೆ) ಆಗಲೇ ಬದಲಾಯಿತು. 2021ರ 5.13ರಲ್ಲಿ, ನೆಟ್‌ವರ್ಕ್ ಫೈಲ್‌ಸಿಸ್ಟಂಗಳು ಹಂಚಿಕೊಳ್ಳುವ ನೆಟ್‌ಎಫ್‌ಎಸ್ ಲೈಬ್ರರಿ ಬಂತು, ಡೇವಿಡ್ ಹೌವೆಲ್ಸ್ ಬರೆದದ್ದು. ಎಎಫ್‌ಎಸ್ ಮತ್ತು ಸೆಫ್ ಅನ್ನುವ ನೆಟ್‌ವರ್ಕ್ ಫೈಲ್‌ಸಿಸ್ಟಂಗಳು ಅದಕ್ಕೆ ಹೊರಳಿದವು. ಫೋಲಿಯೋ (ಒಂದು ಅಥವಾ ಹಲವು ಪೇಜ್‌ಗಳ ಕಟ್ಟು) ಬಂದದ್ದು 2022ರ ಜನವರಿಯ 5.16ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಬಂದ 5.18ರಲ್ಲಿ ಎನ್‌ಎಫ್‌ಎಸ್, ಸಿಐಎಫ್‌ಎಸ್ ಎರಡೂ ರೀಡ್‌ಅಹೆಡ್‌ಗೆ ಬಂದವು, ರೀಡ್‌ಪೇಜಸ್ ಅನ್ನು ಕಿತ್ತೇ ಹಾಕಿದರು. ಹಾಗಾಗಿ ಹೊರಗಿನ ಮಾಡ್ಯೂಲ್‌ಗಳು ಕಂಪೈಲ್ ಆಗದೆ ನಿಲ್ಲುವುದು ಅಲ್ಲಿಂದ. ಮುಂದಿನ 5.19ರಲ್ಲಿ ಒಂಟಿ ಪೇಜ್ ಓದುವ ರೀಡ್‌ಪೇಜ್ ಹೋಗಿ ರೀಡ್-ಫೋಲಿಯೋ ಆಯಿತು. ಎರಡನ್ನೂ ಒಟ್ಟಿಗೆ ಮಾಡಿಕೊಳ್ಳಿ.

ರೆಫರೆನ್ಸ್ ಬಿಡಬೇಕೋ ಬೇಡವೋ? ಒಂದೊಂದು ಕಡೆ ಒಂದೊಂದು ತರ ಇದೆ.

ಹೌದು, ಇಲ್ಲಿ ಜಾರಿ ಬೀಳುವವರು ಜಾಸ್ತಿ. ಹೊಸ ದಾರಿಯಲ್ಲೂ ಪೇಜ್ ಪಡೆಯಲು ಎರಡು ರೀತಿ ಇದ್ದವು. ರೀಡ್‌ಅಹೆಡ್-ಪೇಜ್ ಕೊಟ್ಟ ಪೇಜಿಗೆ ನಿಮ್ಮ ಹೆಸರಿನಲ್ಲಿ ಒಂದು ರೆಫರೆನ್ಸ್ (ಇದು ಬಳಕೆಯಲ್ಲಿದೆ, ಬಿಡುಗಡೆ ಮಾಡಬೇಡಿ ಅನ್ನುವ ಎಣಿಕೆ) ಇರುತ್ತದೆ, ಕೆಲಸ ಮುಗಿದ ಮೇಲೆ ಪುಟ್-ಪೇಜ್ ಕರೆದು ನೀವೇ ಬಿಡಬೇಕು. ರೀಡ್‌ಅಹೆಡ್-ಫೋಲಿಯೋ ಹಾಗಲ್ಲ. ಕೊಡುವಾಗಲೇ ಆ ರೆಫರೆನ್ಸ್ ಬಿಟ್ಟು ಕೊಡುತ್ತದೆ. ಫೋಲಿಯೋ ಲಾಕ್ ಆಗಿದೆ, ಪೇಜ್ ಕ್ಯಾಶ್ ತನ್ನ ರೆಫರೆನ್ಸ್ ಹಿಡಿದುಕೊಂಡಿದೆ, ಲಾಕ್ ಬಿಚ್ಚುವವರೆಗೆ ಅದು ಎಲ್ಲೂ ಹೋಗುವುದಿಲ್ಲ ಅನ್ನುವ ಧೈರ್ಯ ಅದಕ್ಕೆ.

ಮೊದಲನೆಯದನ್ನು ಎರಡನೆಯದಕ್ಕೆ ಬದಲಾಯಿಸಿ, ಕೊನೆಯಲ್ಲಿದ್ದ ಪುಟ್-ಪೇಜ್ ಅಳಿಸಲು ಮರೆತರೆ ಎರಡು ಸಲ ಬಿಟ್ಟ ಹಾಗಾಗುತ್ತದೆ. ಇದು ತಕ್ಷಣ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಏನೂ ಸಂಬಂಧ ಇಲ್ಲದ ಜಾಗದಲ್ಲಿ, ಬ್ಯಾಡ್ ಪೇಜ್ ಸ್ಟೇಟ್ ಅಂತ ಡಿಮೆಸೇಜ್‌ನಲ್ಲಿ ಬೀಳುತ್ತದೆ.

ಅನುಭವಸ್ಥರ ಕೈಯಲ್ಲೂ ಇದು ತಪ್ಪುತ್ತದೆ. 6.13 ಕರ್ನಲ್‌ನಲ್ಲಿ ಫ್ಯೂಸ್ ಅನ್ನು ಫೋಲಿಯೋ ದಾರಿಗೆ ತಂದಾಗ ರೀಡ್‌ಅಹೆಡ್-ಫೋಲಿಯೋ ಬಳಸಿದರು. ಮೇಲುನೋಟಕ್ಕೆ ಎಲ್ಲ ಸರಿ. ಆದರೆ ಫ್ಯೂಸ್‌ಗೆ ಒಂದು ವಿಶೇಷ ಇದೆ. ಉತ್ತರ ಸ್ಪ್ಲೈಸ್ ಪೈಪ್ ಮೂಲಕ ಬಂದರೆ ಅದು ಡೇಟಾವನ್ನು ನಕಲು ಮಾಡದೆ, ಕ್ಯಾಶ್‌ನಲ್ಲಿದ್ದ ಹಳೇ ಫೋಲಿಯೋವನ್ನೇ ತೆಗೆದು ಹೊಸದನ್ನು ಆ ಜಾಗಕ್ಕೆ ಕೂರಿಸುತ್ತದೆ. ಆ ಕೋಡ್ ತನ್ನ ಕೈಯಲ್ಲಿ ಇನ್ನೊಂದು ರೆಫರೆನ್ಸ್ ಇದೆ ಅಂತ ನಂಬಿಕೊಂಡಿತ್ತು. ಈಗ ಅದು ಇರಲಿಲ್ಲ. 2025ರಲ್ಲಿ, ರೆಫರೆನ್ಸ್ ಬಿಡದ ಒಳಗಿನ ರೂಪಕ್ಕೆ ವಾಪಸ್ ಹೋಗಿ ಸರಿಪಡಿಸಿದರು. ನಿಮ್ಮ ಕೋಡ್ ಕ್ಯಾಶ್‌ನಿಂದ ಪೇಜ್ ತೆಗೆದುಹಾಕುವ ಕೆಲಸ ಎಲ್ಲಾದರೂ ಮಾಡುತ್ತಿದ್ದರೆ, ಕ್ಯಾಶ್ ಹಿಡಿದುಕೊಂಡಿದೆ ಅನ್ನುವ ಧೈರ್ಯ ನಿಮಗೆ ಇಲ್ಲ.

ಲಾಕ್ ಯಾರು ಬಿಚ್ಚಬೇಕು?

ನೀವು ತೆಗೆದುಕೊಂಡ ಪ್ರತಿ ಫೋಲಿಯೋಗೆ ನೀವೇ. ಡೇಟಾ ಬಂದರೂ, ಬರದಿದ್ದರೂ, ಸರ್ವರ್ ಸತ್ತರೂ. ನೀವು ಮುಟ್ಟದೇ ಬಿಟ್ಟದ್ದನ್ನು ಕರ್ನಲ್ ನೋಡಿಕೊಳ್ಳುತ್ತದೆ: ಈಗಿನ ಕರ್ನಲ್‌ಗಳಲ್ಲಿ ಅವನ್ನು ಕ್ಯಾಶ್‌ನಿಂದಲೇ ತೆಗೆದು, ಲಾಕ್ ಬಿಚ್ಚುತ್ತದೆ.

ನನಗೆ ಒಂದು ವಾರ ತಿಂದದ್ದು ಇದೇ. ಟೈಮ್‌ಔಟ್ ಆದ ದಾರಿಯಲ್ಲಿ ಕೋರಿಕೆಯ ಮೆಮೊರಿ ಬಿಡುಗಡೆ ಮಾಡಿ ಸುಮ್ನೆ ಹೊರಗೆ ಬಂದಿದ್ದೆ. ಫೋಲಿಯೋಗಳ ಲಾಕ್ ಹಾಗೇ ಉಳಿಯಿತು. ಎಲ್ಲ ಸರಿಯಿದ್ದಾಗ ಆ ದಾರಿಗೆ ಯಾರೂ ಹೋಗುವುದಿಲ್ಲ. ಒಂದು ದಿನ ಲ್ಯಾಬಿನ ಸ್ವಿಚ್ ರೀಬೂಟ್ ಆಯಿತು. ಆಮೇಲೆ ಆ ಫೈಲನ್ನು ಕ್ಯಾಟ್ ಮಾಡಿದವರ ಟರ್ಮಿನಲ್ ಎಲ್ಲ ಕಲ್ಲು. ಕಂಟ್ರೋಲ್-ಸಿ ಒತ್ತಿದರೆ ವಾಪಸ್ ಬರುತ್ತಿತ್ತು, ಮತ್ತೆ ಕ್ಯಾಟ್ ಮಾಡಿದರೆ ಮತ್ತೆ ಅಲ್ಲೇ ನಿಲ್ಲುತ್ತಿತ್ತು. ಪ್ರಾಕ್ ಒಳಗಿನ ಸ್ಟ್ಯಾಕ್ ಫೈಲ್ ನೋಡಿದರೆ ಫೋಲಿಯೋ-ವೇಟ್-ಬಿಟ್-ಕಾಮನ್. ಈ ಹೆಸರು ಅಲ್ಲಾಡದೆ ಕೂತಿದ್ದರೆ ಮೊದಲು ನೆಟ್‌ವರ್ಕ್ ಬೈಯಬೇಡಿ, ನಿಮ್ಮ ದೋಷದ ದಾರಿಗಳನ್ನು ಓದಿ.

ಫಂಕ್ಷನ್ ಏನೂ ವಾಪಸ್ ಕೊಡುವುದಿಲ್ಲ. ಓದಲು ಆಗದಿದ್ದರೆ ಹೇಳುವುದು ಹೇಗೆ?

ಹೇಳಬೇಕಾಗಿಲ್ಲ. ಹಳೇ ಫಂಕ್ಷನ್ ದೋಷದ ನಂಬರ್ ವಾಪಸ್ ಕೊಡುತ್ತಿತ್ತು, ಆದರೆ ಕರೆದವರು ಅದನ್ನು ನೋಡುತ್ತಲೇ ಇರಲಿಲ್ಲ. ರೀಡ್‌ಅಹೆಡ್ ಯಾರೂ ಕೇಳದೇ ತರುವ ಡೇಟಾ. ಸಿಗದಿದ್ದರೆ ದೂರುವವರೂ ಇಲ್ಲ. ಫೋಲಿಯೋವನ್ನು ಅಪ್‌ಟುಡೇಟ್ (ಸರಿಯಾದ ಡೇಟಾ ತುಂಬಿದೆ) ಅಂತ ಗುರುತು ಹಾಕದೆ ಲಾಕ್ ಬಿಚ್ಚಿ. ಪ್ರೋಗ್ರಾಂಗೆ ಆ ಭಾಗ ನಿಜವಾಗಿ ಬೇಕಾದಾಗ ಕರ್ನಲ್ ರೀಡ್-ಫೋಲಿಯೋ ಕರೆಯುತ್ತದೆ, ದೋಷ ಅಲ್ಲಿಂದ ಬಳಕೆದಾರರಿಗೆ ಹೋಗುತ್ತದೆ. ಹಳೇ ಕೋಡಿನಲ್ಲಿ ಪೇಜ್ ಎರರ್ ಗುರುತು ಹಾಕುವ ಸಾಲು ಇದ್ದರೆ ಅದನ್ನೂ ಅಳಿಸಿ, ಆ ಗುರುತೇ ಈಗ ಕರ್ನಲ್‌ನಲ್ಲಿ ಇಲ್ಲ.

64 ಕೆಬಿ ಕೇಳಿದೆ, ಸರ್ವರ್ 10 ಕೆಬಿ ಕೊಟ್ಟಿತು. ಈಗ?

ಎರಡು ಕಾರಣ ಇರಬಹುದು. ಫೈಲ್ ಅಲ್ಲಿಗೆ ಮುಗಿದಿದೆ, ಅಥವಾ ಸರ್ವರ್ ಈ ಸಲ ಅಷ್ಟೇ ಕೊಟ್ಟಿದೆ. ಫೈಲ್ ಉದ್ದಕ್ಕಿಂತ ಮುಂದೆ ಓದದ ಹಾಗೆ ಕರ್ನಲ್ ತಡೆಯುತ್ತದೆ ನಿಜ. ಆದರೆ ಅದು ನೋಡುವುದು ನಿಮ್ಮ ಯಂತ್ರಕ್ಕೆ ಗೊತ್ತಿರುವ ಉದ್ದ. ಅಷ್ಟರಲ್ಲಿ ಬೇರೆ ಕ್ಲೈಂಟ್ ಫೈಲನ್ನು ಕತ್ತರಿಸಿರಬಹುದು. ಲೋಕಲ್ ಫೈಲ್‌ಸಿಸ್ಟಂಗೆ ಈ ಪಾಡು ಇಲ್ಲ.

ಫೈಲ್ ಮುಗಿದಿದ್ದರೆ ಫೋಲಿಯೋದ ಉಳಿದ ಭಾಗಕ್ಕೆ ಸೊನ್ನೆ ತುಂಬಿ, ಆಮೇಲೆ ಅಪ್‌ಟುಡೇಟ್ ಗುರುತು ಹಾಕಿ. ತುಂಬದೇ ಹಾಕಿದರೆ ಆ ಪೇಜಿನಲ್ಲಿ ಮೊದಲು ಇದ್ದ ಇನ್ಯಾರದೋ ಡೇಟಾ, ಫೈಲನ್ನು ಎಂಮ್ಯಾಪ್ ಮಾಡಿದವರಿಗೆ (ನೇರ ತಮ್ಮ ಮೆಮೊರಿಯಂತೆ ಓದುವವರಿಗೆ) ಕಾಣುತ್ತದೆ. ಇದು ಸುಮ್ನೆ ಬಗ್ ಅಲ್ಲ, ಭದ್ರತೆಯ ತೂತು. ಮುಗಿದಿಲ್ಲದಿದ್ದರೆ ಉಳಿದದ್ದಕ್ಕೆ ಮತ್ತೆ ಕೇಳಿ. ಬೇಡ ಅನಿಸಿದರೆ ಪೂರ್ತಿ ಬಂದ ಫೋಲಿಯೋಗಳನ್ನು ಮಾತ್ರ ಗುರುತು ಹಾಕಿ, ಮಿಕ್ಕವನ್ನು ಹಾಗೇ ಬಿಚ್ಚಿ.

ಫೈಲ್ ಪಾಯಿಂಟರ್ ಯಾವಾಗಲೂ ಇರುತ್ತದಾ?

ಇಲ್ಲ. ರೀಡ್‌ಅಹೆಡ್-ಕಂಟ್ರೋಲ್ ಒಳಗಿನ ಫೈಲ್ ಖಾಲಿ ಇರಬಹುದು. ನೆಟ್‌ವರ್ಕ್ ಫೈಲ್‌ಸಿಸ್ಟಂಗೆ ಇದು ಮುಖ್ಯ, ಯಾಕೆಂದರೆ ಯಾರ ಹೆಸರಿನಲ್ಲಿ, ಯಾವ ಹ್ಯಾಂಡಲ್ ಮೇಲೆ ಓದಬೇಕು ಅನ್ನುವುದು ಅಲ್ಲಿಂದಲೇ ಬರಬೇಕು. ಎನ್‌ಎಫ್‌ಎಸ್ ಏನು ಮಾಡುತ್ತದೆ ನೋಡಿ: ಫೈಲ್ ಇದ್ದರೆ ಅದರ ಓಪನ್ ಕಾಂಟೆಕ್ಸ್ಟ್, ಇಲ್ಲದಿದ್ದರೆ ಆ ಐನೋಡ್‌ನಲ್ಲಿ (ಫೈಲಿನ ಬಗ್ಗೆ ಕರ್ನಲ್ ಇಟ್ಟುಕೊಂಡ ದಾಖಲೆಯಲ್ಲಿ) ಓದಲು ತೆರೆದಿರುವ ಬೇರೊಂದು ಕಾಂಟೆಕ್ಸ್ಟ್ ಹುಡುಕುತ್ತದೆ. ಅದೂ ಸಿಗದಿದ್ದರೆ ಕೈಬಿಡುತ್ತದೆ.

ಒಳಗೆ ಮೆಮೊರಿ ಕೇಳುವಾಗ ಯಾವ ಫ್ಲ್ಯಾಗ್?

ಪೇಜ್‌ಗಳು ಲಾಕ್ ಆಗಿವೆ, ಇನ್ನೂ ಸರ್ವರ್‌ಗೆ ಕೋರಿಕೆ ಹೋಗಿಲ್ಲ. ಆಗ ಮೆಮೊರಿ ಸಾಲದೆ ಕರ್ನಲ್ ಜಾಗ ಖಾಲಿ ಮಾಡಲು ಹೊರಟು ಅದೇ ಫೈಲ್‌ಸಿಸ್ಟಂಗೆ ವಾಪಸ್ ಬಂದರೆ ಡೆಡ್‌ಲಾಕ್, ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುವುದು. ಇದನ್ನು ತಪ್ಪಿಸಲು ಕರ್ನಲ್ ನಿಮ್ಮನ್ನು ಕರೆಯುವ ಮುಂಚೆಯೇ ನೋ-ಎಫ್‌ಎಸ್ ಬೇಲಿ ಹಾಕಿರುತ್ತದೆ. ನೀವು ಮಾಮೂಲಿ ಜಿಎಫ್‌ಪಿ-ಕರ್ನಲ್ ಕೊಟ್ಟರೂ ನಡೆಯುತ್ತದೆ. ಆದರೆ ಆ ಬೇಲಿ ಇರುವುದು ಆ ಥ್ರೆಡ್‌ಗೆ ಮಾತ್ರ. ಕೆಲಸವನ್ನು ವರ್ಕ್‌ಕ್ಯೂಗೆ (ಬೇರೆ ಥ್ರೆಡ್ ಮಾಡುವ ಕೆಲಸದ ಸಾಲಿಗೆ) ತಳ್ಳಿದರೆ ಅಲ್ಲಿ ಬೇಲಿ ನೀವೇ ಹಾಕಿಕೊಳ್ಳಬೇಕು.

ದೊಡ್ಡ ಫೋಲಿಯೋ ಈಗಲೇ ಬೇಕಾ?

ಮೊದಲ ಪ್ಯಾಚ್‌ನಲ್ಲಿ ಬೇಡ. ಮ್ಯಾಪಿಂಗ್-ಸೆಟ್-ಲಾರ್ಜ್-ಫೋಲಿಯೋಸ್ ಕರೆಯುವವರೆಗೆ ನಿಮಗೆ ಒಂದು ಫೋಲಿಯೋ ಅಂದರೆ ಒಂದು ಪೇಜ್. ಕರೆದ ಮೇಲೆ ಒಂದು ಫೋಲಿಯೋ 256 ಕೆಬಿ ಇರಬಹುದು, ಇನ್ನೂ ದೊಡ್ಡದೂ ಇರಬಹುದು. ನಿಮ್ಮ ಆರ್‌ಸೈಜ್ (ಒಂದು ಕೋರಿಕೆಯಲ್ಲಿ ಕೇಳಬಹುದಾದ ಗರಿಷ್ಠ ಓದು) 64 ಕೆಬಿ ಅಂದರೆ ಆ ಒಂದು ಫೋಲಿಯೋಗೆ ನಾಲ್ಕು ಉತ್ತರ ಬರಬೇಕು, ಯಾವುದು ಮೊದಲು ಬರುತ್ತದೋ ಗೊತ್ತಿಲ್ಲ. ಕೊನೆಯದು ಬಂದಾಗ ಮಾತ್ರ ಲಾಕ್ ಬಿಚ್ಚಬೇಕು. ಉತ್ತರ ಬಂತು, ಬಿಚ್ಚು ಅನ್ನುವ ಹಳೇ ಕೋಡ್ ಇಲ್ಲಿ ಮುರಿಯುತ್ತದೆ. ಇನ್ನೊಂದು, ರೀಡ್‌ಅಹೆಡ್-ಕೌಂಟ್ ಹೇಳುವುದು ಪೇಜ್‌ಗಳ ಲೆಕ್ಕ, ಫೋಲಿಯೋಗಳ ಲೆಕ್ಕ ಅಲ್ಲ. ಅದನ್ನು ನಂಬಿ ಲೂಪ್ ತಿರುಗಿಸಬೇಡಿ.

ನೇರವಾಗಿ ನೆಟ್‌ಎಫ್‌ಎಸ್ ಲೈಬ್ರರಿಗೇ ಹೋಗಿಬಿಡಲಾ?

ಆಸೆ ಆಗುವುದು ಸಹಜ. ಹೋದರೆ ನೀವು ಬರೆಯುವುದು ಮುಖ್ಯವಾಗಿ ಇಶ್ಯೂ-ರೀಡ್ ಅನ್ನುವ ಒಂದು ಫಂಕ್ಷನ್: ಇಲ್ಲಿಂದ ಇಷ್ಟು ತಾ ಅಂದಾಗ ಸರ್ವರ್‌ಗೆ ಕೋರಿಕೆ ಕಳಿಸುವುದು, ಬಂದಾಗ ಬಂತು ಅನ್ನುವುದು. ಕೋರಿಕೆ ತುಂಡು ಮಾಡುವುದು, ಕಮ್ಮಿ ಬಂದರೆ ಮತ್ತೆ ಕೇಳುವುದು, ಸೊನ್ನೆ ತುಂಬುವುದು, ದೊಡ್ಡ ಫೋಲಿಯೋ ಬಿಚ್ಚುವುದು, ಎಫ್‌ಎಸ್‌ಕ್ಯಾಶ್ ಮೂಲಕ ಲೋಕಲ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವುದು, ಎಲ್ಲ ಅದರ ಪಾಲು. ವಿಂಡೋವನ್ನು ಹಿಗ್ಗಿಸುವ ಅವಕಾಶವೂ ಇದೆ. ಸೆಫ್‌ನಂಥವಕ್ಕೆ ಇದು ಉಪಯೋಗ, ಯಾಕೆಂದರೆ ಅಲ್ಲಿ ಫೈಲು ಡೀಫಾಲ್ಟ್ ಆಗಿ 4 ಎಂಬಿಯ ಆಬ್ಜೆಕ್ಟ್‌ಗಳಾಗಿ ಹಂಚಿಹೋಗಿರುತ್ತದೆ.

ಆದರೂ ನನ್ನ ಸಲಹೆ ಎರಡು ಹೆಜ್ಜೆ. ಮೊದಲು ಬರೀ ರೀಡ್‌ಅಹೆಡ್‌ಗೆ ಬನ್ನಿ, ಪರೀಕ್ಷೆ ಮಾಡಿ, ಕಮಿಟ್ ಮಾಡಿ. ಆಮೇಲೆ ನೆಟ್‌ಎಫ್‌ಎಸ್. ಸಿಐಎಫ್‌ಎಸ್ ಹೋದ ದಾರಿಯೂ ಇದೇ. 5.18ರಲ್ಲಿ ರೀಡ್‌ಅಹೆಡ್, ನೆಟ್‌ಎಫ್‌ಎಸ್‌ಗೆ ಹೋದದ್ದು 2024ರ 6.10ರಲ್ಲಿ. ಮೇನ್‌ಲೈನ್ ಹೊರಗಿರುವವರಿಗೆ ಇನ್ನೊಂದು ತಲೆನೋವು ಇದೆ: ಈ ಲೈಬ್ರರಿಯ ಒಳಗು, ಕರೆಯುವ ಫಂಕ್ಷನ್‌ಗಳ ಹೆಸರು ಸಮೇತ, ಕೆಲವು ವರ್ಷಗಳಿಂದ ಬದಲಾಗುತ್ತಲೇ ಇದೆ. ಪ್ರತಿ ಕರ್ನಲ್‌ಗೂ ಹಿಂದೆ ಓಡಬೇಕಾಗುತ್ತದೆ.

ವಿಂಡೋ ಎಷ್ಟು ಇಡಲಿ?

ಒಂದು ಕಥೆ ಹೇಳುತ್ತೇನೆ. ಎನ್‌ಎಫ್‌ಎಸ್ ಮೊದಲು ಆರ್‌ಸೈಜ್‌ನ 15 ಪಟ್ಟು ವಿಂಡೋ ಇಡುತ್ತಿತ್ತು. ಆರ್‌ಸೈಜ್ 1 ಎಂಬಿ ಇದ್ದರೆ ವಿಂಡೋ 15 ಎಂಬಿ. ಈಗಿನ ಕಾಲಕ್ಕೆ ಅದು ಅತಿ ಅಂತ 5.4ರಲ್ಲಿ ಅದನ್ನು ಎಲ್ಲರಿಗೂ ಇರುವ 128 ಕೆಬಿಗೆ ಇಳಿಸಿದರು. ಕರ್ನಲ್ ಅಪ್‌ಗ್ರೇಡ್ ಮಾಡಿದವರು ದೊಡ್ಡ ಫೈಲ್ ಓದುವಾಗ ನಿಧಾನ ಆಯಿತು ಅಂತ ಕಂಗಾಲಾದರು. ಆಮೇಲೆ ಎನ್‌ಎಫ್‌ಎಸ್ ಯುಟಿಲ್ಸ್ ಜೊತೆ ಎನ್‌ಎಫ್‌ಎಸ್-ರಾಹೆಡ್ ಅನ್ನುವ ಸಣ್ಣ ಟೂಲ್ ಬಂತು. ಮೌಂಟ್ ಆದಾಗ ಯೂಡೆವ್ ಅದನ್ನು ಓಡಿಸಿ, ಕಾನ್ಫಿಗ್‌ನಲ್ಲಿ ಬರೆದ ಅಳತೆ ಇಡುತ್ತದೆ. ಕೈಯಲ್ಲೇ ಬದಲಾಯಿಸಬೇಕಿದ್ದರೆ ಸಿಸ್ ಫೋಲ್ಡರ್, ಅದರೊಳಗೆ ಕ್ಲಾಸ್, ಅದರೊಳಗೆ ಬಿಡಿಐ, ಅಲ್ಲಿ ನಿಮ್ಮ ಮೌಂಟ್‌ನ ನಂಬರ್, ಅದರಲ್ಲಿ ರೀಡ್-ಅಹೆಡ್-ಕೆಬಿ.

ಉಳಿದವು ತಮ್ಮದೇ ದಾರಿ ಹಿಡಿದಿವೆ. ಸೆಫ್‌ನಲ್ಲಿ ಆರ್‌ಎಸೈಜ್ ಅನ್ನುವ ಮೌಂಟ್ ಆಯ್ಕೆ, ಡೀಫಾಲ್ಟ್ 8 ಎಂಬಿ. ಸಿಐಎಫ್‌ಎಸ್‌ಗೆ ಅದೇ ಹೆಸರಿನ ಆಯ್ಕೆ 5.13ರಲ್ಲಿ ಬಂತು. ಕೊಡದಿದ್ದರೆ ಆರ್‌ಸೈಜ್‌ನ ಎರಡು ಪಟ್ಟು. ಈ ಎರಡು ಪಟ್ಟು ನನಗೆ ಹಿಡಿಸಿತು, ನಮ್ಮಲ್ಲೂ ಅದನ್ನೇ ಇಟ್ಟೆ. ಒಂದು ಕೋರಿಕೆಯ ಡೇಟಾ ಓದುತ್ತಿರುವಾಗ ಇನ್ನೊಂದು ದಾರಿಯಲ್ಲಿ ಇರುತ್ತದೆ. ಏನೇ ಇಟ್ಟರೂ ವಿಂಡೋ ಆರ್‌ಸೈಜ್‌ಗಿಂತ ಚಿಕ್ಕದು ಆಗಬಾರದು. 1 ಎಂಬಿ ಕೇಳಬಹುದಾದ ಪ್ರೋಟೋಕಾಲ್‌ನಲ್ಲಿ 128 ಕೆಬಿ ಕೇಳಿಕೊಂಡು ಕೂತಿರುತ್ತೀರಿ.

ಜಾಸ್ತಿ ಆದರೂ ಕಷ್ಟ. ಎಸ್‌ಎಂಬಿಯಲ್ಲಿ ಸರ್ವರ್ ಕ್ಲೈಂಟ್‌ಗೆ ಕ್ರೆಡಿಟ್ ಕೊಡುತ್ತದೆ, 64 ಕೆಬಿಗೆ ಒಂದರಂತೆ. 4 ಎಂಬಿಯ ಒಂದು ಓದು 64 ಕ್ರೆಡಿಟ್ ನುಂಗುತ್ತದೆ. ರೀಡ್‌ಅಹೆಡ್ ಎಲ್ಲ ಕ್ರೆಡಿಟ್ ಬಾಚಿಕೊಂಡರೆ, ಪಕ್ಕದಲ್ಲಿ ಎಲ್‌ಎಸ್ ಹೊಡೆದವರು ಕಾಯಬೇಕು.

ಎಲ್ಲ ಬದಲಾಯಿಸಿದೆ, ವೇಗ ಮಾತ್ರ ಇದ್ದ ಹಾಗೇ ಇದೆ!

ರೀಡ್‌ಅಹೆಡ್ ನಿಜವಾಗಿ ನಡೆಯುತ್ತಿದೆಯಾ ನೋಡಿ. ಪೇಜ್ ಕ್ಯಾಶ್ ಬಳಸದ ಓದಿಗೆ ಅದು ಇಲ್ಲವೇ ಇಲ್ಲ: ಓ-ಡೈರೆಕ್ಟ್‌ನಲ್ಲಿ ತೆರೆದಿದ್ದರೆ, ಸಿಐಎಫ್‌ಎಸ್‌ನಲ್ಲಿ ಕ್ಯಾಶ್ ಬೇಡ ಅಂತ ಮೌಂಟ್ ಮಾಡಿದ್ದರೆ, ಅಥವಾ ಸ್ಟ್ರಿಕ್ಟ್ ಮೋಡ್‌ನಲ್ಲಿ ಸರ್ವರ್ ಆಪ್‌ಲಾಕ್ (ಕ್ಯಾಶ್ ಮಾಡಲು ಅನುಮತಿ) ಕೊಡದಿದ್ದರೆ ಓದು ನೇರ ಸರ್ವರ್‌ಗೆ ಹೋಗುತ್ತದೆ. ಪ್ರೋಗ್ರಾಂ ತಾನೇ ಫ್ಯಾಡ್ವೈಸ್‌ನಲ್ಲಿ (ಹೇಗೆ ಓದುತ್ತೇನೆ ಅಂತ ಕರ್ನಲ್‌ಗೆ ಹೇಳುವ ಕರೆಯಲ್ಲಿ) ರ‍್ಯಾಂಡಮ್ ಅಂದಿರಬಹುದು. ಸೀಕ್ವೆನ್ಷಿಯಲ್ ಅಂದರೆ ವಿಂಡೋ ಎರಡು ಪಟ್ಟಾಗುತ್ತದೆ, ಗೊತ್ತಿರಲಿ. ಎಂಮ್ಯಾಪ್ ಮಾಡಿದ ಫೈಲ್ ಆದರೆ ಆಟವೇ ಬೇರೆ. ಅಲ್ಲಿ ಮುಟ್ಟಿದ ಪೇಜಿನ ಆಚೆ ಅರ್ಧ, ಈಚೆ ಅರ್ಧ ವಿಂಡೋ ತರುತ್ತದೆ.

ಇನ್ನು ಕೆಲವೊಮ್ಮೆ ತಪ್ಪು ಅಳತೆಯಲ್ಲೇ ಇರುತ್ತದೆ. ಎರಡನೇ ಸಲ ಓದಿದಾಗ ಎಲ್ಲ ಕ್ಯಾಶ್‌ನಿಂದ ಬರುತ್ತದೆ, ಹಳತು ಹೊಸತು ಎರಡೂ ರಾಕೆಟ್. ಪ್ರತಿ ಸಲ ಡ್ರಾಪ್-ಕ್ಯಾಶಸ್‌ಗೆ 3 ಬರೆದು ಶುರು ಮಾಡಿ.

ಪರೀಕ್ಷೆ ಹೇಗೆ? ನನ್ನ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್.

ಸಾಕು. ಸರ್ವರ್, ಕ್ಲೈಂಟ್ ಎರಡೂ ಅದರಲ್ಲೇ ಓಡಿಸಿ, ಲೂಪ್‌ಬ್ಯಾಕ್ ಮೇಲೆ ಟಿಸಿ ಕಮಾಂಡ್‌ನ ನೆಟ್‌ಎಂ ಹಾಕಿ ತಡ ಸೇರಿಸಿ. 20 ಮಿಲಿಸೆಕೆಂಡ್ ಕೊಟ್ಟರೆ ಪಿಂಗ್ 40 ತೋರಿಸುತ್ತದೆ, ಗಾಬರಿ ಬೇಡ. ಹೋಗುವ ಪ್ಯಾಕೆಟ್, ಬರುವ ಪ್ಯಾಕೆಟ್ ಎರಡೂ ಅದೇ ಲೂಪ್‌ಬ್ಯಾಕ್‌ನಿಂದ ಹೊರಡುತ್ತವೆ ಅಲ್ವಾ, ಎರಡಕ್ಕೂ 20. ಈಗ ವೈರ್‌ಶಾರ್ಕ್ ತೆರೆದು 64 ಎಂಬಿಯ ಒಂದು ಫೈಲ್ ಓದಿ. ಆರ್‌ಸೈಜ್ 1 ಎಂಬಿ, ವಿಂಡೋ 2 ಎಂಬಿ ಇದ್ದರೆ 64ರ ಆಸುಪಾಸು ಓದಿನ ಕೋರಿಕೆ ಕಾಣಬೇಕು. ಮೊದಮೊದಲು ವಿಂಡೋ ಬೆಳೆಯುವಾಗ ಕೆಲವು ಚಿಕ್ಕವು ಇರುತ್ತವೆ. ಸಾವಿರಾರು 4 ಕೆಬಿ ಕೋರಿಕೆ ಕಂಡರೆ, ನಾನು ಮೊದಲ ದಿನ ಮಾಡಿದ್ದನ್ನೇ ನೀವೂ ಮಾಡಿದ್ದೀರಿ.

ಡೇಟಾ ಸರಿ ಇದೆಯಾ ಅನ್ನಲು ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನ ಎಫ್‌ಎಸ್‌ಎಕ್ಸ್ ರಾತ್ರಿಯಿಡೀ ಓಡಲಿ. ಅದು ಓದು, ಬರೆ, ಕತ್ತರಿಸು, ಎಂಮ್ಯಾಪ್ ಎಲ್ಲ ಕಲೆಸಿ ಕೊಡುತ್ತದೆ. ಅದು ಓಡುತ್ತಿರುವಾಗಲೇ ಮಧ್ಯೆ ಸರ್ವರ್ ಪ್ರೋಸೆಸ್ ಅನ್ನು ಕೊಂದು, ಒಂದು ನಿಮಿಷ ಬಿಟ್ಟು ಮತ್ತೆ ಎಬ್ಬಿಸಿ. ಹೀಗೆ ಹತ್ತು ಸಲ ಮಾಡಿ. ನನ್ನ ಲಾಕ್ ಬಗ್ ಇದರಲ್ಲಾದರೆ ಎರಡನೇ ಸಲಕ್ಕೇ ಸಿಗುತ್ತಿತ್ತು, ಸ್ವಿಚ್ ರೀಬೂಟ್ ಆಗುವುದನ್ನು ಕಾಯಬೇಕಿರಲಿಲ್ಲ.

ಹಳೇ ಕರ್ನಲ್‌ನಲ್ಲಿರುವ ಗ್ರಾಹಕರೂ ಇದ್ದಾರೆ. ಎರಡೂ ಕೋಡ್ ಇಟ್ಟುಕೊಳ್ಳಲಾ?

ಒಂದೇ ಫಂಕ್ಷನ್ ಒಳಗೆ ಇಫ್‌ಡೆಫ್ ತುಂಬಬೇಡಿ. ನಾನು ಮಾಡಿ ನೋಡಿದ್ದೇನೆ. ಲಾಕ್ ಒಂದು ಕಡೆ ನಮ್ಮದು, ಇನ್ನೊಂದು ಕಡೆ ಕರ್ನಲ್‌ನದು, ಮೂರು ತಿಂಗಳ ಮೇಲೆ ಓದಿದರೆ ನನಗೇ ತಿಳಿಯಲಿಲ್ಲ. ಪೇಜ್ ಕೈಗೆ ಬಂದ ಮೇಲೆ ಸರ್ವರ್‌ಗೆ ಕೋರಿಕೆ ಕಳಿಸುವ ಭಾಗವನ್ನು ಬೇರೆ ಮಾಡಿ, ಅದಕ್ಕೆ ಜಾಗ ಮತ್ತು ಉದ್ದ ಮಾತ್ರ ಕೊಡಿ. ಹಳೇ ಪ್ರವೇಶದ ಫಂಕ್ಷನ್ ಒಂದು ಫೈಲಿನಲ್ಲಿ, ಹೊಸದು ಇನ್ನೊಂದರಲ್ಲಿ. 5.8ಕ್ಕಿಂತ ಹಿಂದಿನ ಕರ್ನಲ್‌ನ ಕೊನೆಯ ಗ್ರಾಹಕರು ಹೋದ ದಿನ ಮೊದಲ ಫೈಲನ್ನು ಪೂರ್ತಿ ಅಳಿಸಬಹುದು. ನಮ್ಮಲ್ಲಿ ಇನ್ನೂ ಒಬ್ಬರು ಇದ್ದಾರೆ, 5.4 ಬಿಡುವುದಿಲ್ಲ ಅನ್ನುತ್ತಿದ್ದಾರೆ.